ಶೇಕರ್ ಹೈಟ್ಸ್ ಪ್ರೌಢಶಾಲೆ: ಒಂದು ಉಪನಗರದ ಚರಿತ್ರೆ

ಅಮೆರಿಕೆಯ ಓಹಾಯೋ ರಾಜ್ಯದಲ್ಲಿ, ಕ್ಲೀವ್‌ಲ್ಯಾಂಡ್ ಮಹಾನಗರದ ಪೂರ್ವದ ಅಂಚಿಗೆ, ಶೇಕರ್ ಹೈಟ್ಸ್ ಎಂಬ ಉಪನಗರವಿದೆ. ಅಲ್ಲಿಯ ಸಾರ್ವಜನಿಕ ಪ್ರೌಢಶಾಲೆಯ ಈಗಿನ ಕಟ್ಟಡ ಆರಂಭವಾದುದು 1931ರಲ್ಲಿ. ಅದು ತೆರಿಗೆಯ ಹಣದಿಂದ ನಡೆಯುವ, ಮಕ್ಕಳಿಂದ ಶುಲ್ಕ ಪಡೆಯದ ಶಾಲೆ. ಆದರೆ ಆ ದೇಶದಲ್ಲಿ ಸಾರ್ವಜನಿಕ ಶಾಲೆಗೆ ಸೇರುವ ಹಕ್ಕು ಸಾಮಾನ್ಯವಾಗಿ ಮನೆಯ ವಿಳಾಸವನ್ನು ಅವಲಂಬಿಸಿದೆ. ಆದುದರಿಂದ ಈ ಶಾಲೆಯ ಚರಿತ್ರೆಯನ್ನು ಬರೆಯಹೊರಟವರು ಮೊದಲು ಅಲ್ಲಿಯ ಮನೆಗಳ ಚರಿತ್ರೆಯನ್ನು ಅರಿಯಬೇಕಾಗುತ್ತದೆ.

ಊರಿನ ಹೆಸರೇ ಒಂದು ಧರ್ಮಸಮುದಾಯದಿಂದ ಬಂದುದು. ಶೇಕರರೆಂಬ ಕ್ರೈಸ್ತ ಪಂಥದವರು 1774ರಲ್ಲಿ ಆನ್ ಲೀ ಎಂಬ ಮಹಿಳೆಯ ನೇತೃತ್ವದಲ್ಲಿ ಇಂಗ್ಲೆಂಡಿನಿಂದ ಅಮೆರಿಕೆಗೆ ಬಂದರು. ಅವರು ಆಜನ್ಮ ಬ್ರಹ್ಮಚರ್ಯವನ್ನು ಪಾಲಿಸುತ್ತಿದ್ದರು. ಆಸ್ತಿಯನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ ಸಮುದಾಯಕ್ಕೆ ಒಪ್ಪಿಸುತ್ತಿದ್ದರು. ಯುದ್ಧದಲ್ಲಿ ಆಯುಧ ಹಿಡಿಯುತ್ತಿರಲಿಲ್ಲ. ಹಿರಿಯರ ಮುಂದೆ ತಮ್ಮ ದೋಷಗಳನ್ನು ಒಪ್ಪಿಕೊಳ್ಳುತ್ತಿದ್ದರು. ತತ್ತ್ವದಲ್ಲಿ ಜೈನಧರ್ಮಕ್ಕೂ ಅವರಿಗೂ ಅಂತರ ಬಹಳವಿದ್ದರೂ, ಅಪರಿಗ್ರಹ ಮತ್ತು ಆಲೋಚನೆಗಳನ್ನು ಬಲ್ಲ ಓದುಗರಿಗೆ ಈ ಆಚಾರಗಳು ಅಪರಿಚಿತವೆನಿಸಲಾರವು. ಕ್ಲೀವ್‌ಲ್ಯಾಂಡಿನ ಸಮೀಪ ಅವರು 1822ರಲ್ಲಿ ನೆಲೆ ಹಾಕಿ, ಡೋನ್ ಎಂಬ ಹಳ್ಳಕ್ಕೆ ಒಡ್ಡು ಕಟ್ಟಿ, ಗಿರಣಿಗಳನ್ನು ನಡೆಸಿದರು. ವಂಶವಿಲ್ಲದ ಸಮುದಾಯಕ್ಕೆ ಹೊಸಬರು ಬರುವುದು ಕಡಿಮೆಯಾದಾಗ ಸಂಖ್ಯೆ ಕುಗ್ಗಿತು. 1889ರಲ್ಲಿ ಉಳಿದವರು ಆ ನೆಲೆಯನ್ನು ಬಿಟ್ಟು ಹೋದರು.

ಆ ಭೂಮಿ ಮುಂದೆ ವ್ಯಾನ್ ಸ್ವೆರಿಂಜನ್ ಸಹೋದರರ ಕೈಸೇರಿತು. ವಿಚಿತ್ರವೆಂದರೆ ಈ ಇಬ್ಬರೂ ಕೊನೆಯವರೆಗೆ ಅವಿವಾಹಿತರಾಗಿಯೇ ಉಳಿದವರು. ಆದರೆ ಅವರ ಪರಿಗ್ರಹಕ್ಕೆ ಪರಿಮಾಣವಿರಲಿಲ್ಲ. ಉಪನಗರದಿಂದ ಮಹಾನಗರದ ಮಧ್ಯಕ್ಕೆ 1920ರಲ್ಲಿ ವಿದ್ಯುತ್ ರೈಲು ಓಡಿಸಿದರು. ಬಳಿಕ ದೂರದೂರದ ರೈಲು ಕಂಪನಿಗಳನ್ನು ಸಾಲದ ಮೇಲೆ ಸಾಲ ಮಾಡಿ ಕೊಂಡರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಎಲ್ಲವನ್ನೂ ಕಳೆದುಕೊಂಡು, 1935ರಲ್ಲಿ ಒಬ್ಬರು, 1936ರಲ್ಲಿ ಇನ್ನೊಬ್ಬರು ತೀರಿಕೊಂಡರು.

ಅವರು ಬಿಟ್ಟುಹೋದುದು ಒಂದು ಸುಂದರವಾದ ಊರನ್ನು ಮತ್ತು ಒಂದು ಕ್ರಯಪತ್ರವನ್ನು. ಮನೆಯ ಶೈಲಿ ಹೇಗಿರಬೇಕೆಂಬುದೂ ನಿಗದಿಯಾಗಿದ್ದ ಆ ಊರಿನಲ್ಲಿ, 1925ರ ಸುಮಾರಿಗೆ ಕ್ರಯಪತ್ರಗಳಿಗೆ ಹೊಸ ಷರತ್ತೊಂದು ಸೇರಿತು: ಕಂಪನಿಯ ಒಪ್ಪಿಗೆ ಅಥವಾ ನೆರೆಹೊರೆಯ ಬಹುಮತವಿಲ್ಲದೆ ಮನೆಯನ್ನು ಮಾರುವಂತಿಲ್ಲ. ಷರತ್ತಿನಲ್ಲಿ ಯಾವ ಜನಾಂಗದ ಹೆಸರೂ ಬೇಕಾಗಲಿಲ್ಲ. ಕಪ್ಪು ಜನಾಂಗದವರನ್ನು ಹೊರಗಿಡುವುದಕ್ಕೂ, ಯೆಹೂದ್ಯರು ಮತ್ತು ಕ್ಯಾಥೊಲಿಕರ ಸಂಖ್ಯೆಯನ್ನು ಮಿತಿಯಲ್ಲಿಡುವುದಕ್ಕೂ ಅಷ್ಟೇ ಸಾಕಾಯಿತು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲಮದ, ಜಾತಿಮದ, ಋದ್ಧಿಮದ ಈ ಮೂರೂ ಒಂದೇ ಕಾಗದದಲ್ಲಿ ಸಭ್ಯವಾದ ಮಾತಿನಲ್ಲಿ ಅಡಗಿದ್ದವು. ರಕ್ತ ಹರಿಯದ ಕಡೆ ಹಿಂಸೆಯಿಲ್ಲವೆಂದು ತಿಳಿಯುವವರು ಭಾವಹಿಂಸೆಯ ವಿಚಾರವನ್ನು ಮತ್ತೊಮ್ಮೆ ನೋಡಬೇಕು. ಬಾಡಿಗೆದಾರರನ್ನೂ ಕೊಳ್ಳುವವರನ್ನೂ ಆರಿಸುವ ವಸತಿ ಸಂಘಗಳು ಭಾರತದಲ್ಲಿಯೂ ಇವೆ. ಅವುಗಳಲ್ಲಿ ಕೆಲವು ಅಹಿಂಸೆಯ ಹೆಸರಿನಲ್ಲಿಯೇ ನಡೆಯುತ್ತವೆ.

ಇಂತಹ ಷರತ್ತುಗಳು ನಿಜವಾದ ಹಿಂಸೆಯಾಗಲು ಬಹುಕಾಲ ಬೇಕಾಗಲಿಲ್ಲ. ಜನಾಂಗದ ಆಧಾರದ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲವೆಂದು ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯ 1948ರಲ್ಲಿ ತೀರ್ಪಿತ್ತಿತು. ಅನಂತರ ಲಡ್‌ಲೋ ಎಂಬ ಭಾಗಕ್ಕೆ ಕಪ್ಪು ಜನಾಂಗದ ಕೆಲವು ಕುಟುಂಬಗಳು ಬಂದವು. 1956ರ ಜನವರಿಯಲ್ಲಿ, ಅಂತಹ ಒಬ್ಬ ವಕೀಲರು ಅಲ್ಲಿ ಕಟ್ಟಿಸುತ್ತಿದ್ದ ಮನೆಯಲ್ಲಿ ಬಾಂಬ್ ಸಿಡಿಯಿತು.

ಆಗ ಅಮೆರಿಕೆಯ ಎಷ್ಟೋ ಉಪನಗರಗಳಲ್ಲಿ ನಡೆದುದೇ ಇಲ್ಲಿಯೂ ನಡೆಯಬಹುದಿತ್ತು. ದಲ್ಲಾಳಿಗಳು ಬಿಳಿಯರಲ್ಲಿ ಭೀತಿ ಹುಟ್ಟಿಸಿ ಅವರ ಮನೆಗಳನ್ನು ಅಗ್ಗದಲ್ಲಿ ಮಾರಿಸುವುದು, ಕೆಲವೇ ವರ್ಷಗಳಲ್ಲಿ ಇಡೀ ಬೀದಿ ಬರಿದಾಗುವುದು ಆ ಕಾಲದ ವಾಡಿಕೆ. ಲಡ್‌ಲೋದ ನಿವಾಸಿಗಳು ಬೇರೆ ದಾರಿ ಹಿಡಿದರು. ಕಪ್ಪು ಮತ್ತು ಬಿಳಿಯ ನೆರೆಹೊರೆಯವರು ಒಬ್ಬರ ಮನೆಯಲ್ಲಿ ಇನ್ನೊಬ್ಬರು ಸೇರಿ ಮಾತನಾಡತೊಡಗಿದರು. 1957ರಲ್ಲಿ ಲಡ್‌ಲೋ ಸಮುದಾಯ ಸಂಘ ಸ್ಥಾಪನೆಯಾಯಿತು. ಹೆದರಿ ಹೊರಡಲಿದ್ದವರನ್ನು ನಿಲ್ಲಿಸುವುದು, ತೆರವಾದ ಮನೆಗಳಿಗೆ ಬಿಳಿಯ ಕುಟುಂಬಗಳನ್ನು ಹುಡುಕಿ ತರುವುದು, ಹಣ ಸಾಲದವರಿಗೆ ಪೂರಕ ಸಾಲ ಒದಗಿಸುವುದು ಅದರ ಕಾರ್ಯಗಳಾದವು. ಸಮ್ಯಗ್ದರ್ಶನದ ಅಂಗಗಳಲ್ಲಿ ಒಂದಾದ ಸ್ಥಿತಿಕರಣವನ್ನು, ಜಾರುವವರನ್ನು ಹಿಡಿದು ನಿಲ್ಲಿಸುವ ಗುಣವನ್ನು, ಲೌಕಿಕದಲ್ಲಿ ಇದಕ್ಕಿಂತ ಚೆನ್ನಾಗಿ ತೋರುವ ನಿದರ್ಶನಗಳು ವಿರಳ. ಆದರೂ ಇನ್ನೊಂದು ದೃಷ್ಟಿಯನ್ನು ಮರೆಯಲಾಗದು. ಸಮತೋಲ ಕಾಯುವ ಹೆಸರಿನಲ್ಲಿ ಬಿಳಿಯ ಖರೀದಿದಾರರಿಗೆ ನೆರವು, ಕಪ್ಪು ಖರೀದಿದಾರರಿಗೆ ಬೇರೆ ಬೀದಿಯ ಸೂಚನೆ ಎಂಬ ಭೇದ ಉಳಿದೇ ಇತ್ತು. ಅದರಿಂದ ನೊಂದವರ ಆಕ್ಷೇಪ ನ್ಯಾಯವಾದುದೇ.

ಶಾಲೆಗಳ ಸರದಿ 1970ರಲ್ಲಿ ಬಂದಿತು. ಮೋರ್‌ಲ್ಯಾಂಡ್ ಪ್ರಾಥಮಿಕ ಶಾಲೆಯಲ್ಲಿ ಕಪ್ಪು ಮಕ್ಕಳೇ ಅಧಿಕವಾಗಿದ್ದರು. ಅವರನ್ನು ಬಸ್ಸುಗಳಲ್ಲಿ ಬಿಳಿಯರ ಶಾಲೆಗಳಿಗೆ ಕಳುಹಿಸುವ ಯೋಜನೆ ಸಿದ್ಧವಾದಾಗ, ಪ್ರಯಾಣದ ಕಷ್ಟ ಒಂದೇ ಕಡೆಯ ಮಕ್ಕಳಿಗೇಕೆ ಎಂಬ ಪ್ರಶ್ನೆ ಎದ್ದಿತು. ಬಿಳಿಯ ತಂದೆತಾಯಿಗಳು ಕೆಲವರು ತಾವಾಗಿಯೇ ತಮ್ಮ ಮಕ್ಕಳನ್ನು ಮೋರ್‌ಲ್ಯಾಂಡಿಗೆ ಕಳುಹಿಸಲು ಮುಂದೆ ಬಂದರು. ಅನ್ಯ ನಗರಗಳಲ್ಲಿ ನ್ಯಾಯಾಲಯದ ಆಜ್ಞೆಯಿಂದಲೂ ಸುಗಮವಾಗಿ ಆಗದ ಕಾರ್ಯ ಇಲ್ಲಿ ಸ್ವಂತ ಇಚ್ಛೆಯಿಂದ ನಡೆಯಿತು. ಪ್ರೌಢಶಾಲೆಯ ವಿದ್ಯಾರ್ಥಿಗಳು 1983ರಲ್ಲಿ ಜನಾಂಗ ಸಂಬಂಧಗಳ ಸಂಘವೊಂದನ್ನು ಕಟ್ಟಿ, ಕೆಳಗಿನ ತರಗತಿಗಳ ಮಕ್ಕಳೊಡನೆ ಭೇದಭಾವದ ಬಗ್ಗೆ ಮಾತನಾಡತೊಡಗಿದರು. 1990ರಲ್ಲಿ, ಓದಿನಲ್ಲಿ ಮುಂದಿದ್ದ ಕಪ್ಪು ಹುಡುಗರು ಹಿಂದುಳಿದ ಕಿರಿಯರಿಗೆ ಮಾರ್ಗದರ್ಶಕರಾಗುವ ಕಾರ್ಯ ಆರಂಭವಾಯಿತು.

ಈ ಶಾಲೆಯಿಂದ 1943ರಲ್ಲಿ ಹೊರಬಂದ ಯೆಹೂದಿ ವರ್ತಕರೊಬ್ಬರ ಮಗ ಪಾಲ್ ನ್ಯೂಮನ್ ಖ್ಯಾತ ನಟರಾದರು. 1982ರಲ್ಲಿ ಆಹಾರ ಪದಾರ್ಥಗಳ ಕಂಪನಿಯೊಂದನ್ನು ಸ್ಥಾಪಿಸಿ, ತೆರಿಗೆ ಕಳೆದ ಲಾಭವನ್ನೆಲ್ಲ ದಾನಕ್ಕೆ ಮೀಸಲಿಟ್ಟರು. ಇಲ್ಲಿಯೇ ಓದಿದ ಸೆಲೆಸ್ಟ್ ಇಂಗ್ 2017ರಲ್ಲಿ ಈ ಊರನ್ನೇ ವಸ್ತುವಾಗಿಸಿಕೊಂಡು ಕಾದಂಬರಿ ಬರೆದರು.

ಒಂದೇ ಸೂರಿನಡಿ ಸೇರಿದ ಮಾತ್ರಕ್ಕೆ ಸಮತೆ ಬರಲಿಲ್ಲ. ಪ್ರೌಢಶಾಲೆಯಲ್ಲಿ ಪಾಠಗಳನ್ನು ಮಟ್ಟಗಳಾಗಿ ವಿಂಗಡಿಸಲಾಗಿತ್ತು. ಉನ್ನತ ಮಟ್ಟದ ಕೊಠಡಿಗಳಲ್ಲಿ ಬಹುಪಾಲು ಬಿಳಿಯರು, ಕೆಳಮಟ್ಟದ ಕೊಠಡಿಗಳಲ್ಲಿ ಬಹುಪಾಲು ಕಪ್ಪು ಮಕ್ಕಳು. ಬೀದಿಯಿಂದ ಹೊರಹಾಕಿದ ಗೋಡೆ ಶಾಲೆಯ ಒಳಗೆ ಮತ್ತೆ ಎದ್ದಿತ್ತು. ಕಪ್ಪು ಜನಾಂಗದ ತಂದೆತಾಯಿಗಳೇ ಇದರ ಕಾರಣವನ್ನು ಶೋಧಿಸಲು ನೈಜೀರಿಯಾ ಮೂಲದ ಮಾನವಶಾಸ್ತ್ರಜ್ಞ ಜಾನ್ ಓಗ್ಬು ಅವರನ್ನು 1997ರಲ್ಲಿ ಬರಮಾಡಿಕೊಂಡರು. ಪೂರ್ಣಾಂಕ 4 ಇದ್ದಲ್ಲಿ ಬಿಳಿಯ ಮಕ್ಕಳ ಸರಾಸರಿ 3.45, ಕಪ್ಪು ಮಕ್ಕಳದು 1.9. ಓಗ್ಬು 2003ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನೆ ಮತ್ತು ಸಮುದಾಯದ ಮನೋಭಾವಕ್ಕೆ ಹೆಚ್ಚಿನ ಒತ್ತು ಕೊಟ್ಟರು. ಅವರನ್ನು ಕರೆಸಿದವರಲ್ಲೇ ಹಲವರಿಗೆ ಇದು ಕಹಿಯಾಯಿತು. ತಪ್ಪು ಶಾಲೆಯ ವಿಂಗಡಣೆಯಲ್ಲಿದೆ, ಅದರ ಭಾರವನ್ನು ಮಕ್ಕಳ ಹೆಗಲಿಗೇರಿಸಬಾರದು ಎಂದು ವಿಮರ್ಶಕರು ವಾದಿಸಿದರು.

ಯಾರ ಪಕ್ಷ ಸರಿಯಿದ್ದರೂ, ಒಂದು ಅಂಶ ಶಾಲೆಗಳನ್ನು ನಡೆಸುವ ಬಸದಿ ಟ್ರಸ್ಟುಗಳ ಗಮನಕ್ಕೆ ಅರ್ಹ. ಪರರ ದೋಷವನ್ನು ಮುಚ್ಚುವುದು ಉಪಗೂಹನ. ಸ್ವಂತ ಸಂಸ್ಥೆಯ ದೋಷವನ್ನು ಮುಚ್ಚುವುದಕ್ಕೆ ಆ ಹೆಸರು ಸಲ್ಲದು. ಆ ಊರಿನವರು ತಮ್ಮ ಮಕ್ಕಳ ಅಂಕಗಳನ್ನು ಹೊರಗಿನವರ ಮುಂದಿಟ್ಟರು, ತೀರ್ಪು ತಮಗೆ ವಿರುದ್ಧವಾಗಿ ಬಂದಾಗಲೂ ಚರ್ಚೆಯನ್ನು ನಿಲ್ಲಿಸಲಿಲ್ಲ.

ಕೊನೆಗೆ 2020ರಲ್ಲಿ ಆಡಳಿತವು ಒಂಬತ್ತನೆಯ ತರಗತಿಯವರೆಗಿನ ಮಟ್ಟಗಳ ವಿಂಗಡಣೆಯನ್ನು ಬಹುಮಟ್ಟಿಗೆ ತೆಗೆದುಹಾಕಿತು. ಸಿದ್ಧತೆ ಸಾಲದೆಂದು ಕೆಲವು ಶಿಕ್ಷಕರು ಅಂಜಿದರು. ಜಾಣ ಮಕ್ಕಳ ಓದು ಕುಂಟೀತೆಂದು ಕೆಲವು ತಂದೆತಾಯಿಗಳು ಚಿಂತಿಸಿದರು. ಅದು ಕೊರೊನಾ ವ್ಯಾಧಿಯ ವರ್ಷ. ಇಷ್ಟು ದಶಕಗಳ ಬಳಿಕ ಒಂದೇ ಪಾಠಕ್ಕೆ ಕೂಡಿದ ಆ ಮಕ್ಕಳು ಮೊದಲು ಒಬ್ಬರನ್ನೊಬ್ಬರು ನೋಡಿದ್ದು ಕಂಪ್ಯೂಟರಿನ ಪರದೆಯ ಮೇಲೆ, ತಮ್ಮ ತಮ್ಮ ಮನೆಗಳಿಂದ.