ಮೊಳಕಾಲ್ಮೂರಿನ ಬಂಡೆ ಮತ್ತು ಐದು ಮಹಾ ಅಳಿವುಗಳು

ರಾಮನಗರದಿಂದ ಉತ್ತರಕ್ಕೆ ಹೊರಟು ಪಾವಗಡ, ಮೊಳಕಾಲ್ಮೂರು ಸೀಮೆಗಳನ್ನು ಹಾದು ಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಹತ್ತಿರದಿಂದ ನೋಡಿದರೆ ಅದರ ಮೈಯಲ್ಲಿ ಹೆಬ್ಬೆರಳ ಗಾತ್ರದ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳು ಕಾಣುತ್ತವೆ. ಪಳೆಯುಳಿಕೆ ಮಾತ್ರ ಒಂದೂ ಇಲ್ಲ. ನೆಲದಾಳದಲ್ಲಿ ಕರಗಿದ ಶಿಲೆ ಹೆಪ್ಪುಗಟ್ಟಿ ಆದ ಕಲ್ಲು ಇದು. ಚಿಪ್ಪುಳ್ಳ ಪ್ರಾಣಿಗಳು ಕಡಲಲ್ಲಿ ಹೆಚ್ಚಿದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಆಮೇಲಿನ ಐದೂ ಮಹಾ ಅಳಿವುಗಳಿಗಿಂತ ಈ ಬಂಡೆ ಹಳೆಯದು.

ಮೊದಲನೆಯದು 44.5 ಕೋಟಿ ವರ್ಷಗಳ ಹಿಂದಿನದು. ಹಿಮಯುಗ ಬಂದು ಕಡಲ ಮಟ್ಟ ಕುಸಿದದ್ದು ಅದಕ್ಕೆ ಮುಖ್ಯ ಕಾರಣವೆನ್ನುತ್ತಾರೆ. ಸುಮಾರು 37 ಕೋಟಿ ವರ್ಷಗಳ ಹಿಂದಿನ ಎರಡನೆಯದರಲ್ಲಿ ಸಮುದ್ರದ ನೀರಿನಲ್ಲಿ ಆಮ್ಲಜನಕ ಕುಗ್ಗಿತ್ತು. ಎಲ್ಲಕ್ಕಿಂತ ಘೋರವಾದದ್ದು 25.2 ಕೋಟಿ ವರ್ಷಗಳ ಹಿಂದಿನ ಮೂರನೆಯದು. ಸೈಬೀರಿಯಾದ ಲಾವಾ ಪ್ರವಾಹದೊಂದಿಗೆ ಹೊಮ್ಮಿದ ಅನಿಲಗಳು ಭೂಮಿಯನ್ನು ಕಾಯಿಸಿದವು, ಕಡಲನ್ನು ಆಮ್ಲೀಯವಾಗಿಸಿದವು. ಸಮುದ್ರಜೀವಿ ಪ್ರಭೇದಗಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಇಲ್ಲವಾದವು. 20.1 ಕೋಟಿ ವರ್ಷಗಳ ಹಿಂದಿನ ನಾಲ್ಕನೆಯದಕ್ಕೂ ಲಾವಾವೇ ಕಾರಣ. ಅದು ಉಕ್ಕಿದ್ದು ಈಗಿನ ಅಟ್ಲಾಂಟಿಕ್ ತೆರೆದುಕೊಂಡ ಜಾಗದಲ್ಲಿ.

ಐದನೆಯದರ ಕುರುಹು ಕನ್ನಡ ನೆಲದಲ್ಲೇ ಇದೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳಲ್ಲಿ ಹರಡಿರುವ ಕಪ್ಪು ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ದಖನ್ ಲಾವಾ. ಡೈನೋಸಾರುಗಳು ಅಳಿದದ್ದೂ ಆಗಲೇ. 1980ರಲ್ಲಿ ಲೂಯಿಸ್ ಮತ್ತು ವಾಲ್ಟರ್ ಅಲ್ವಾರೆಜ್ ತಮ್ಮ ಸಹೋದ್ಯೋಗಿಗಳೊಂದಿಗೆ ಆ ಕಾಲದ ಜೇಡಿಪದರದಲ್ಲಿ ಇರಿಡಿಯಂ ಅತಿಯಾಗಿರುವುದನ್ನು ತೋರಿಸಿ, ಕ್ಷುದ್ರಗ್ರಹದ ಡಿಕ್ಕಿಯೇ ಕಾರಣವೆಂದರು. ಆಮೇಲೆ ಮೆಕ್ಸಿಕೋದ ಚಿಕ್ಷುಲುಬ್ ಕುಳಿ ಗುರುತಾಯಿತು. ಡಿಕ್ಕಿಯ ಪಾತ್ರವನ್ನು ಈಗ ಬಹುತೇಕರು ಒಪ್ಪುತ್ತಾರೆ. ದಖನ್ ಲಾವಾದ ಪಾಲೆಷ್ಟೆಂಬ ವಾದ ಮುಗಿದಿಲ್ಲ. ಮೊಳಕಾಲ್ಮೂರು, ಅದರ ಪಕ್ಕದ ಚಳ್ಳಕೆರೆಯ ಕಡೆ ಆ ಲಾವಾದ ಪದರ ಇಲ್ಲದ ಕಾರಣ ಪುರಾತನ ಶಿಲೆಯೇ ಬಯಲಾಗಿ ನಿಂತಿದೆ.

ಅದೇ ಬಂಡೆಯ ಮೇಲೆ, ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ, ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಆ ಶಾಸನ ತಂದೆತಾಯಿಯರ ಸೇವೆಯ ಜೊತೆಗೆ ಜೀವಿಗಳ ಮೇಲಿನ ದಯೆ ಗಟ್ಟಿಯಾಗಿರಬೇಕೆಂದು ಹೇಳುತ್ತದೆ. ಕಲ್ಲು ಕಂಡಿರದ ಆರನೆಯ ಅಳಿವೊಂದು ಶುರುವಾಗಿದೆ ಎನ್ನುವ ವಿಜ್ಞಾನಿಗಳು ಈ ಸೀಮೆಯಲ್ಲಿ ಪುರಾವೆಗಾಗಿ ಹುಡುಕಾಡಬೇಕಿಲ್ಲ. ಅಮೃತಮಹಲ್ ದನಗಳಿಗೆಂದು ಅರಸರ ಕಾಲದಿಂದ ಉಳಿದ ಚಳ್ಳಕೆರೆಯ ಕಾವಲುಗಳು, ಅಂದರೆ ಹುಲ್ಲುಗಾವಲುಗಳು, ಕೃಷ್ಣಮೃಗ, ತೋಳಗಳ ನೆಲೆ. ಇಲ್ಲಿನ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳಿಗೂ ಅವು ಮೇವು ಕೊಟ್ಟವು. ಕುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಈ ಶತಮಾನದ ಮೊದಲ ದಶಕದ ಕೊನೆಯಿಂದ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ಹೋಗಿ ಬೇಲಿಯೊಳಗಾಯಿತು. ದೇಶದ ಹುಲ್ಲುಗಾವಲುಗಳಲ್ಲಿ ಓಡಾಡಿದ್ದ ಚೀತಾ ಅಳಿದಿದೆ ಎಂದು 1952ರಲ್ಲೇ ಘೋಷಿಸಲಾಗಿತ್ತು. ಎರೆಭೂತ ಹಕ್ಕಿ ರಾಜ್ಯದಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಗೆ ಇಳಿದಿದೆ. ಬೇಟೆ, ಉಳುಮೆ, ವಿದ್ಯುತ್ ತಂತಿ ಅದನ್ನು ಅಲ್ಲಿಗೆ ತಂದು ನಿಲ್ಲಿಸಿವೆ.