ಮಂಗೋಲರ ದಾಯಾದಿ ಕಲಹ: ಒಂದು ಇತಿಹಾಸಾಧ್ಯಯನದ ಸಮೀಕ್ಷೆ

ಚೆಂಗೀಸ್ ಖಾನನು 1227ರಲ್ಲಿ ಕಾಲವಾಗಿ ಮೂವತ್ತೈದು ವರ್ಷಗಳು ಸಂದಿರಲು, ಅವನ ಇಬ್ಬರು ಮೊಮ್ಮಕ್ಕಳ ಸೈನ್ಯಗಳು ಕಾಕಸಸ್ ಪರ್ವತಶ್ರೇಣಿಯ ಅಂಚಿನಲ್ಲಿ ಒಂದರ ಮೇಲೊಂದು ಬಿದ್ದುವು. ಇರಾನಿನ ಒಡೆಯನಾದ ಹುಲಗು ಒಂದು ಕಡೆ. ಮುಂದೆ ಸುವರ್ಣ ದಂಡು ಎಂದು ಹೆಸರಾದ ರಾಜ್ಯವನ್ನು ವೋಲ್ಗಾ ತೀರದಿಂದ ಆಳುತ್ತಿದ್ದ ಬರ್ಕೆ ಮತ್ತೊಂದು ಕಡೆ. 1262ರ ಅಂತ್ಯದಲ್ಲಿ ಡರ್ಬೆಂಟಿನ ಕಣಿವೆದಾರಿಯನ್ನು ದಾಟಿ ಬಂದ ಬರ್ಕೆಯ ದಳಪತಿ ನೊಗಾಯ್ ಸೋತು ಹಿಮ್ಮೆಟ್ಟಿದನು. ಅವನನ್ನು ಬೆನ್ನಟ್ಟಿ ಹೋದ ಹುಲಗುವಿನ ಪಡೆಯು 1263ರ ಜನವರಿಯಲ್ಲಿ ತೆರೆಕ್ ನದಿಯ ಬಳಿ ಚದರಿಹೋಗಿ, ಹಿಂದಿರುಗುವ ಧಾವಂತದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲ್ಪದರವು ಬಿರಿದು, ಬಹು ಮಂದಿ ಸವಾರರು ಕುದುರೆಗಳೊಡನೆ ಮುಳುಗಿದರು. ಅದೇ ಕಾಲಕ್ಕೆ ಪೂರ್ವದಲ್ಲಿ ಹುಲಗುವಿನ ಒಡಹುಟ್ಟಿದವರಾದ ಕುಬ್ಲೈ ಮತ್ತು ಅರಿಕ್ ಬೋಕೆ, ತಮ್ಮ ಅಣ್ಣ ಮೋಂಗ್ಕೆ ಖಾನನು 1259ರಲ್ಲಿ ಮಡಿದ ಮೇಲೆ ಬರಿದಾದ ಸಿಂಹಾಸನಕ್ಕಾಗಿ ಹೋರಾಡುತ್ತಿದ್ದರು. ಆ ಹೋರಾಟವು 1264ರಲ್ಲಿ ಅರಿಕ್ ಬೋಕೆಯ ಶರಣಾಗತಿಯಿಂದ ಮುಗಿಯಿತೆನ್ನುವಷ್ಟರಲ್ಲಿ, ಒಗೆದೈ ಖಾನನ ಮೊಮ್ಮಗನಾದ ಕೈದು ಮಧ್ಯ ಏಷ್ಯದಲ್ಲಿ ತಲೆಯೆತ್ತಿ, 1301ರಲ್ಲಿ ತಾನು ಸಾಯುವವರೆಗೂ ಕುಬ್ಲೈಯ ವಂಶಕ್ಕೆ ತಲೆಬಾಗದೆ ಉಳಿದನು.

ಈ ಯುದ್ಧಗಳು ಏತಕ್ಕಾಗಿ ನಡೆದುವು ಎಂಬ ಪ್ರಶ್ನೆಗೆ ಏಳು ಶತಮಾನಗಳಿಂದ ಉತ್ತರಗಳು ಬರುತ್ತಲೇ ಇವೆ. ಆದರೆ ಈ ವಿಷಯದ ಅಧ್ಯಯನಕ್ಕೆ ಮೊದಲಿನಿಂದಲೂ ಅಂಟಿಕೊಂಡ ಒಂದು ಕಷ್ಟವುಂಟು: ಬರ್ಕೆಯ ಆಸ್ಥಾನವಾಗಲಿ ಕೈದುವಿನ ಆಸ್ಥಾನವಾಗಲಿ ತಮ್ಮ ಕಾಲದ ಚರಿತ್ರೆಯನ್ನು ತಾವೇ ಬರೆಯಿಸಿ ನಮಗೆ ಉಳಿಸಲಿಲ್ಲ. ಬರೆದವರೆಲ್ಲರೂ ಅವರ ಪ್ರತಿಪಕ್ಷದವರು, ಇಲ್ಲವೆ ದೂರದ ಮಿತ್ರರು. ಆದುದರಿಂದ ಈ ಕ್ಷೇತ್ರದ ಬೆಳವಣಿಗೆಯೆಂದರೆ, ಒಬ್ಬರ ಲೇಖನಿಯಲ್ಲಿ ಮತ್ತೊಬ್ಬರ ಮೊರೆಯನ್ನು ಗುರುತಿಸಲು ವಿದ್ವಾಂಸರು ಕ್ರಮಕ್ರಮವಾಗಿ ಕಲಿತುಕೊಂಡ ಕಥೆಯೆಂದೇ ನಾನು ಭಾವಿಸುತ್ತೇನೆ.

ಮೊದಲ ಸಾಕ್ಷಿಗಳಲ್ಲಿ ಒಬ್ಬನು ನಮ್ಮ ದೇಶದಲ್ಲಿಯೇ ಕುಳಿತು ಬರೆದನು. ಮಂಗೋಲರ ದಾಳಿಯಿಂದ ತಪ್ಪಿಸಿಕೊಂಡು ಬಂದ ಜುಜ್‌ಜಾನಿಯು ದಿಲ್ಲಿಯಲ್ಲಿ 1260ರಲ್ಲಿ ಮುಗಿಸಿದ ‘ತಬಕಾತ್-ಇ-ನಾಸಿರಿ’ ಎಂಬ ಪಾರಸಿ ಗ್ರಂಥದಲ್ಲಿ, ಬರ್ಕೆಯು ಇಸ್ಲಾಮಿನ ಆಶ್ರಯದಾತನಾದ ಖಾನನೆಂದು ಕೊಂಡಾಡಲ್ಪಟ್ಟಿದ್ದಾನೆ. ಯುದ್ಧವಾಗುವುದಕ್ಕೆ ಮೊದಲೇ ಬರೆದ ಈ ಚಿತ್ರವು, ಯುದ್ಧವು ಧರ್ಮಕ್ಕಾಗಿ ಆಯಿತೆಂಬ ಮುಂದಿನ ವ್ಯಾಖ್ಯಾನಕ್ಕೆ ನೆಲವನ್ನು ಹದಗೊಳಿಸಿದಂತಾಯಿತು. ಅದೇ ವರ್ಷಗಳಲ್ಲಿ ಹುಲಗುವಿನ ಸೇವೆಯಲ್ಲಿದ್ದ ಜುವೈನಿಯು ತನ್ನ ‘ಜಗಜ್ಜೇತನ ಚರಿತ್ರೆ’ಯನ್ನು 1256ರ ಅಲಮೂತ್ ದುರ್ಗದ ಪತನದೊಂದಿಗೆ ನಿಲ್ಲಿಸಿಬಿಟ್ಟನು, ಕಲಹದ ಪ್ರಸ್ತಾಪವೇ ಅದರಲ್ಲಿಲ್ಲ. ಆದರೂ ಚೆಂಗೀಸನು ಹಿರಿಯ ಮಗನೂ ಬರ್ಕೆಯ ತಂದೆಯೂ ಆದ ಜೋಚಿಗೆ ಕೊಟ್ಟ ಪಾಲು ಪಶ್ಚಿಮದಿಕ್ಕಿನಲ್ಲಿ ಮಂಗೋಲರ ಕುದುರೆಯು ಕಾಲಿಟ್ಟಲ್ಲಿಯವರೆಗೂ ಹಬ್ಬಿತ್ತೆಂಬ ಆಶಯದ ಒಂದು ಮಾತನ್ನು ಅವನು ಬರೆದಿಟ್ಟನು. ಅದರ ಬೆಲೆ ತಿಳಿಯಲು ಏಳುನೂರು ವರ್ಷಗಳು ಬೇಕಾದುವು.

ಈ ಇತಿಹಾಸದ ಮಹಾಗ್ರಂಥವು ರಶೀದುದ್ದೀನನದು. ವೈದ್ಯವೃತ್ತಿಯ ಯಹೂದಿ ಮನೆತನದಲ್ಲಿ ಹುಟ್ಟಿ, ಇಸ್ಲಾಮನ್ನು ಸ್ವೀಕರಿಸಿ, ಹುಲಗುವಿನ ವಂಶದ ದೊರೆಗಳಾದ ಇಲ್‌ಖಾನರ ವಜೀರನಾಗಿ, ಕಡೆಗೆ 1318ರಲ್ಲಿ ಮರಣದಂಡನೆಗೆ ಗುರಿಯಾದ ಈ ಪುರುಷನು, ಹುಲಗುವಿನ ಮರಿಮಗನಾದ ಗಜಾನನ ಆಜ್ಞೆಯಂತೆ ತನ್ನ ‘ಜಾಮಿ ಉತ್ ತವಾರೀಖ್’ ಎಂಬ ಸಂಗ್ರಹವನ್ನು ಕೈಗೊಂಡನು. ಅವನು ಕೊಡುವ ಕಾರಣಗಳು ಮೂರು ಬಗೆಯವು. ಹುಲಗುವಿನ ಸೈನ್ಯದಲ್ಲಿದ್ದ ಜೋಚಿ ವಂಶದ ರಾಜಕುಮಾರರಲ್ಲಿ ತುತಾರನು ಮಾಟದ ಆಪಾದನೆಯಿಂದ ಕೊಲ್ಲಲ್ಪಟ್ಟನು, ಮತ್ತಿಬ್ಬರೂ ಸತ್ತರು. ಬರ್ಕೆಯು ವಂಶದಲ್ಲಿ ತಾನು ಹಿರಿಯನೆಂಬ ಗರ್ವದಿಂದ ಹುಲಗುವಿಗೆ ಆಜ್ಞೆಗಳನ್ನು ಕಳುಹಿಸುತ್ತಿದ್ದನು. ಮುಸಲ್ಮಾನರ ಪಟ್ಟಣಗಳನ್ನು ನಾಶಗೊಳಿಸಿ, ದಾಯಾದಿಗಳನ್ನು ಕೇಳದೆ ಖಲೀಫನನ್ನು ಕೊಂದನೆಂದು ಅವನು ಹುಲಗುವಿನ ಮೇಲೆ ಕೆರಳಿದ್ದನು. ಈ ಕಡೆಯ ದೂರನ್ನು ಓದುವಾಗ ಬಹುಕಾಲ ಎಲ್ಲರ ಕಣ್ಣೂ 1258ರಲ್ಲಾದ ಖಲೀಫನ ಬಗ್ದಾದಿನ ಪತನದ ಮೇಲೆಯೇ ನೆಟ್ಟಿತ್ತು. ನನಗಾದರೋ ಅದರಲ್ಲಿ ತೂಕವುಳ್ಳ ಅಂಶವು ‘ದಾಯಾದಿಗಳನ್ನು ಕೇಳದೆ’ ಎಂಬುದೇ. ಅಣ್ಣತಮ್ಮಂದಿರೆಲ್ಲರ ಸಮಾಲೋಚನೆಯಿಂದ ನಡೆಯಬೇಕಾದ ಕುಲದ ಕಾರ್ಯವನ್ನು ಒಬ್ಬನು ಸ್ವಂತಕ್ಕೆ ನಡೆಸಿದನೆಂಬ ಆಕ್ಷೇಪಣೆಯು ಅಲ್ಲಿ ಸ್ಪಷ್ಟವಾಗಿದೆ, ಮತ್ತು ಅದನ್ನು ನಮಗೆ ತಲುಪಿಸಿದವನು ಆಕ್ಷೇಪಣೆಗೆ ಗುರಿಯಾದವನ ವಂಶದ ಮಂತ್ರಿಯೇ. ಮೋಂಗ್ಕೆಯು ಹುಲಗುವಿಗೆ ಬಹಿರಂಗವಾಗಿ ಕಾರ್ಯ ಮುಗಿಸಿ ಮರಳಿ ಬರುವಂತೆ ಹೇಳಿದನೆಂದೂ, ಮನಸ್ಸಿನೊಳಗೆ ಅವನು ಇರಾನಿನಲ್ಲಿಯೇ ನೆಲಸಲೆಂದು ಬಯಸಿದ್ದನೆಂದೂ ರಶೀದುದ್ದೀನನೇ ಬರೆದಿದ್ದಾನೆ. ಒಬ್ಬ ರಾಜನ ಅಂತರಂಗವನ್ನು ಅರ್ಧ ಶತಮಾನದ ಮೇಲೆ ಸಾಕ್ಷಿಗೆ ಕರೆಯಬೇಕಾಗಿ ಬಂದುದೇ ಇರಾನಿನಲ್ಲಿ ಹುಲಗುವಿನ ಅಧಿಕಾರದ ಬುಡವು ಎಷ್ಟು ಸಡಿಲವಾಗಿತ್ತೆಂಬುದನ್ನು ತೋರಿಸುತ್ತದೆ.

ಈಜಿಪ್ಟಿನ ಬರಹಗಾರರು ಇದನ್ನೇ ಬೇರೆ ದಿಕ್ಕಿನಿಂದ ಕಂಡರು. 1260ರ ಸೆಪ್ಟೆಂಬರಿನಲ್ಲಿ ಐನ್ ಜಾಲೂತಿನಲ್ಲಿ ಮಂಗೋಲರನ್ನು ಸೋಲಿಸಿದ, ಈಜಿಪ್ಟನ್ನು ಆಳುತ್ತಿದ್ದ ಮಮ್ಲೂಕರಿಗೆ, ಹುಲಗುವಿನ ಬೆನ್ನಿನ ಹಿಂದೆ ಒಬ್ಬ ವೈರಿಯು ಹುಟ್ಟಿಕೊಂಡುದು ದೈವವಶಾತ್ ಬಂದ ಭಾಗ್ಯ. ಸುಲ್ತಾನ್ ಬೈಬರ್ಸನ ಕಾರ್ಯದರ್ಶಿಯಾಗಿದ್ದ ಇಬ್ನ್ ಅಬ್ದ್ ಅಲ್-ಜಾಹಿರ್ ಉಭಯ ಆಸ್ಥಾನಗಳ ರಾಯಭಾರಗಳನ್ನು ವಿಸ್ತಾರವಾಗಿ ದಾಖಲಿಸಿದನು. ಆ ಪತ್ರಗಳ ಭಾಷೆ ಧರ್ಮಯುದ್ಧದ ಭಾಷೆ. ಅದರ ಕೆಳಗೆ ಹರಿಯುತ್ತಿದ್ದುದಾದರೋ ಕಪ್ಪು ಸಮುದ್ರದಿಂದ ಕಾನ್‌ಸ್ಟಾಂಟಿನೋಪಲಿನ ಜಲಸಂಧಿಯ ಮೂಲಕ ಕೈರೋವಿಗೆ ಸಾಗುತ್ತಿದ್ದ ಕಿಪ್ಚಾಕ್ ಗುಲಾಮ ಹುಡುಗರ ವ್ಯಾಪಾರ, ಏಕೆಂದರೆ ಮಮ್ಲೂಕ್ ಸೈನ್ಯವು ಆ ಹುಡುಗರಿಂದಲೇ ಕಟ್ಟಲ್ಪಟ್ಟುದು. ಮುಂದಿನ ಶತಮಾನದ ಅಲ್-ಉಮರಿಯು, ತಬ್ರೀಜ್ ಮರಾಘಾ ಮೊದಲಾದ ಸ್ಥಳಗಳು ಜೋಚಿಯ ಪಾಲಿಗೆ ಸೇರಿದುವೆಂಬ ಸುವರ್ಣ ದಂಡಿನವರ ಹಕ್ಕೊತ್ತಾಯವನ್ನು ಬರೆದಿಟ್ಟು ಮಹೋಪಕಾರ ಮಾಡಿದನು. ಮಾರ್ಕೋ ಪೋಲೋನ ಗ್ರಂಥವಂತೂ ಈ ಕಲಹದ ಕೂಸೆಂದೇ ಹೇಳಬಹುದು: ಅವನ ತಂದೆಯೂ ಚಿಕ್ಕಪ್ಪನೂ ಬರ್ಕೆಯ ನಾಡಿನಲ್ಲಿದ್ದಾಗ ಯುದ್ಧದಿಂದ ಹಿಂದಿನ ದಾರಿ ಮುಚ್ಚಿಹೋಗಿ, ಬುಖಾರಾಕ್ಕೆ ಹೋಗಿ ಅಲ್ಲಿಂದ ಕುಬ್ಲೈಯ ಆಸ್ಥಾನವನ್ನು ಸೇರಿದರು.

ಚೀನದ ಕಡೆಯ ಅಧಿಕೃತ ಇತಿಹಾಸವಾದ ‘ಯುವಾನ್ ಷಿ’ಯು, ಮಂಗೋಲರನ್ನು ಹೊರದೂಡಿದ ಮಿಂಗ್ ವಂಶದ ಅಧಿಕಾರಿಗಳಿಂದ 1369–70ರಲ್ಲಿ ಬಹು ತ್ವರೆಯಿಂದ ಸಂಕಲಿತವಾದುದು. ಅದರಲ್ಲಿ ಕೈದು ಒಬ್ಬ ಬಂಡುಕೋರನು, ಅಷ್ಟೆ.

ಆಧುನಿಕ ವಿಮರ್ಶೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲಾಯಿತು. ಡೋಸನ್ ಎಂಬ ರಾಜತಂತ್ರಜ್ಞನು ಪಾರಸಿ ಮತ್ತು ಅರಬ್ಬೀ ಹಸ್ತಪ್ರತಿಗಳ ಆಧಾರದಿಂದ 1834–35ರಲ್ಲಿ ನಾಲ್ಕು ಸಂಪುಟಗಳ ಮಂಗೋಲ್ ಇತಿಹಾಸವನ್ನು ಫ್ರೆಂಚಿನಲ್ಲಿ ಪ್ರಕಟಿಸಿದನು. ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯು ಸುವರ್ಣ ದಂಡಿನ ಚರಿತ್ರೆಗಾಗಿ ಬಹುಮಾನವನ್ನು ಸಾರಿದಾಗ, ವಿಯೆನ್ನಾದ ಹಾಮರ್-ಪುರ್ಗ್‌ಸ್ಟಾಲನ ಕೃತಿಯು ತಿರಸ್ಕೃತವಾಗಿ, 1840ರಲ್ಲಿ ಅವನು ಅದನ್ನು ತಾನೇ ಅಚ್ಚುಹಾಕಿಸಿದನು. ಇಂಗ್ಲಿಷಿನಲ್ಲಿ ಹೋವರ್ತನ ಬೃಹತ್ಸಂಪುಟಗಳು 1876ರಿಂದ ಬಂದುವು. ಪೌರಸ್ತ್ಯ ಭಾಷೆಗಳನ್ನು ಅರಿಯದೆ ಅನುವಾದಗಳನ್ನೇ ನಂಬಿ ಬರೆದ ಅವು ಇಂದು ಬಹಳ ಮಟ್ಟಿಗೆ ಕಪಾಟಿನಲ್ಲಿಯೇ ಉಳಿದಿವೆ. ಈ ಎಲ್ಲರಿಗಿಂತಲೂ ಹೆಚ್ಚಿನ ಗೌರವಕ್ಕೆ ಪಾತ್ರನಾದವನು, ನನ್ನ ಅಭಿಪ್ರಾಯದಲ್ಲಿ, ಟೀಸೆನ್‌ಹೌಸೆನ್. ಅವನು ತನ್ನದೊಂದು ಮಹಾಕಥನವನ್ನು ಕಟ್ಟಲು ಹೋಗದೆ, ಸುವರ್ಣ ದಂಡನ್ನು ಕುರಿತು ಅರಬ್ಬೀ ಗ್ರಂಥಗಳಲ್ಲಿ ಚದರಿಹೋಗಿದ್ದ ವಾಕ್ಯಗಳನ್ನು ಸಹನೆಯಿಂದ ಆಯ್ದು, ಮೂಲದೊಡನೆ ರಷ್ಯನ್ ಅನುವಾದವನ್ನೂ ಕೂಡಿಸಿ 1884ರಲ್ಲಿ ಹೊರತಂದನು. ಪಾರಸಿ ಆಕರಗಳ ಸಂಪುಟವು ಅವನು ತೀರಿಕೊಂಡು ಬಹುಕಾಲವಾದ ಮೇಲೆ, 1941ರಲ್ಲಿ, ಬೆಳಕು ಕಂಡಿತು. ಬರ್ಕೆಯ ಪಕ್ಷದ ಮಾತನ್ನು ಕೇಳಬಯಸಿದವರು ಅಂದಿನಿಂದ ಇಂದಿನವರೆಗೆ ಈ ಸಂಗ್ರಹದ ಬಾಗಿಲಿಗೆ ಬಂದೇ ಹೋಗಿದ್ದಾರೆ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಾರ್ತೋಲ್ಡ್, ಪೆಲ್ಲಿಯೋ, ಷ್ಪೂಲರ್ ಮೊದಲಾದವರು ಹೆಸರುಗಳನ್ನು, ವಂಶಾವಳಿಗಳನ್ನು, ತೇದಿಗಳನ್ನು ಒರೆಗೆ ಹಚ್ಚಿದರು. ಸೋವಿಯತ್ ವಿದ್ವಾಂಸರಾದ ಗ್ರೇಕೊವ್ ಮತ್ತು ಯಾಕುಬೋವ್‌ಸ್ಕಿಯವರು 1937ರಲ್ಲಿ ಮೊದಲು ಪ್ರಕಟಿಸಿ 1950ರಲ್ಲಿ ಪರಿಷ್ಕರಿಸಿದ ಗ್ರಂಥದ ಕಾಲಕ್ಕೆ, ಧರ್ಮದ ಮಾತು ಹಿಂದೆ ಸರಿದು, ಅಜರ್‌ಬೈಜಾನಿನ ಹುಲ್ಲುಗಾವಲುಗಳೂ ವಣಿಕ್ಪಥಗಳೂ ಮುಂದೆ ಬಂದುವು. ಈ ತಿರುವು ಆವಶ್ಯಕವಾಗಿಯೇ ಇತ್ತು. ಮುಗಾನ್ ಮತ್ತು ಅರ್ರಾನಿನ ಬಯಲುಗಳು ಚಳಿಗಾಲದಲ್ಲಿಯೂ ಮೇವು ಕೊಡುವ ನೆಲ. ಒಬ್ಬೊಬ್ಬ ಸವಾರನಿಗೂ ಹಲವು ಕುದುರೆಗಳಿದ್ದ ಸೈನ್ಯಕ್ಕೆ ಅಂತಹ ನೆಲವಿಲ್ಲದೆ ಇರಾನಿನಲ್ಲಿ ನಿಲ್ಲುವುದೇ ದುಸ್ಸಾಧ್ಯ. ಆದರೂ ಮೇವಿನ ಹಸಿವೊಂದರಿಂದಲೇ, ಅದು ತನ್ನದಾಗಿತ್ತೆಂದು ಬರ್ಕೆಯು ಏಕೆ ನಂಬಿದನೆಂಬುದು ವಿಶದವಾಗದು.

ಅದನ್ನು ವಿಶದಪಡಿಸಿದವರು ಪೀಟರ್ ಜಾಕ್ಸನ್. ಮಂಗೋಲ್ ಸಾಮ್ರಾಜ್ಯದ ವಿಘಟನೆಯನ್ನು ಕುರಿತು 1978ರಲ್ಲಿ ಅವರು ಬರೆದ ದೀರ್ಘಲೇಖನವು, ಜುವೈನಿಯ ಆ ಒಂದು ಮಾತನ್ನೂ ಉಮರಿಯ ಹೇಳಿಕೆಯನ್ನೂ ರಶೀದುದ್ದೀನನ ಅಳುಕನ್ನೂ ಒಂದೆಡೆಗೆ ತಂದು, ಹುಲಗುವಿನ ರಾಜ್ಯವು ಕುಲದ ಸಮ್ಮತಿಯಿಂದ ಸ್ಥಾಪಿತವಾದುದಲ್ಲವೆಂದೂ, ಜೋಚಿ ವಂಶದ ಪಾಲನ್ನು ಅತಿಕ್ರಮಿಸಿ ಬೆಳೆದುದೆಂದೂ ಪ್ರತಿಪಾದಿಸಿತು. ಹೀಗೆ ನೋಡಿದಾಗ ಬರ್ಕೆಯು ಆಕ್ರಮಣಕಾರನಾಗಿ ಅಲ್ಲ, ಪಾಲು ತಪ್ಪಿದ ದಾಯಾದಿಯಾಗಿ ನಮ್ಮೆದುರಿಗೆ ನಿಲ್ಲುತ್ತಾನೆ. ಇದರ ಮೇಲೆ ರಿಯೂವೆನ್ ಅಮಿತಾಯ್ 1995ರಲ್ಲಿ ಮಮ್ಲೂಕರ ಮತ್ತು ಇಲ್‌ಖಾನರ ಯುದ್ಧಗಳನ್ನು ವಿವೇಚಿಸಿದರು; 1997ರಲ್ಲಿ ಮಿಖಾಲ್ ಬಿರಾನ್ ಪಾರಸಿ, ಅರಬ್ಬೀ, ಚೀನೀ ಆಕರಗಳನ್ನು ಒಟ್ಟಿಗೆ ಓದಿ, ಕೈದುವಿಗೆ ಒಂದು ಪ್ರತ್ಯೇಕ ಗ್ರಂಥವನ್ನೇ ಮೀಸಲಿಟ್ಟರು. ಬಂಡುಕೋರನೆಂದು ಚೀನದ ಇತಿಹಾಸದಲ್ಲಿ ಕಂಡವನು ಅಲ್ಲಿ ಸ್ವತಂತ್ರ ರಾಜ್ಯದ ನಿರ್ಮಾತೃವಾಗಿ ಕಾಣುತ್ತಾನೆ. 1269ರ ಸುಮಾರಿನಲ್ಲಿ ತಲಾಸ್ ಪ್ರದೇಶದಲ್ಲಿ ಸೇರಿದ ರಾಜಕುಮಾರರು, ಮೇವಿನ ನೆಲವನ್ನೂ ಪಟ್ಟಣಗಳ ಆದಾಯವನ್ನೂ ಹಂಚಿಕೊಂಡು, ಕೃಷಿಕರನ್ನು ಪೀಡಿಸದಿರಲು ಒಪ್ಪಿದರೆಂಬ ಸಂಗತಿಯು ಈ ಅಧ್ಯಯನದಿಂದಲೇ ಹೊಸ ಅರ್ಥವನ್ನು ಪಡೆಯಿತು.

ಈ ಮಧ್ಯ ಏಷ್ಯದ ಕಲಹವು ನಮಗೂ ದೂರದ್ದಲ್ಲ. 1299ರಲ್ಲಿಯೂ 1303ರಲ್ಲಿಯೂ ದಿಲ್ಲಿಯ ಹೆಬ್ಬಾಗಿಲವರೆಗೆ ಬಂದ, ಚೆಂಗೀಸನ ಮತ್ತೊಬ್ಬ ಮಗನಾದ ಚಗತಾಯನ ವಂಶದ ಪಡೆಗಳು, ಕೈದುವಿನ ಮಗ ಚಾಪಾರನೂ ಚಗತಾಯ್ ಖಾನ ದುವಾನೂ ತಮ್ಮತಮ್ಮಲ್ಲಿ ಕಾದಾಡತೊಡಗಿದ ಮೇಲೆ, 1306ರಿಂದೀಚೆಗೆ ಆ ಪ್ರಮಾಣದಲ್ಲಿ ಬರಲಿಲ್ಲ. ದಿಲ್ಲಿಯ ಸುಲ್ತಾನ ಅಲಾವುದ್ದೀನನ ಸೇನಾಪತಿ ಮಲಿಕ್ ಕಾಫೂರನು ಹೊಯ್ಸಳರ ದ್ವಾರಸಮುದ್ರವನ್ನು ಮುತ್ತಿದುದು 1311ರಲ್ಲಿ. ವಾಯವ್ಯದ ಗಡಿಯ ಮೇಲಣ ಒತ್ತಡವು ಸಡಿಲಗೊಂಡುದು ಈ ದಂಡಯಾತ್ರೆಯ ಏಕೈಕ ಕಾರಣವಲ್ಲ; ಆದರೆ ಹೊಯ್ಸಳ ದೊರೆ ಮೂರನೆಯ ಬಲ್ಲಾಳನ ದುರ್ದೆಸೆಯನ್ನು ಬರೆಯುವವನು ಆ ಗಡಿಯತ್ತಲೂ ಒಮ್ಮೆ ದೃಷ್ಟಿ ಹಾಯಿಸುವುದು ಯುಕ್ತ.

ಇತ್ತೀಚಿನ ಚರ್ಚೆಯು ಸಾಮ್ರಾಜ್ಯವು ನಿಜವಾಗಿ ಒಡೆಯಿತೇ ಎಂಬ ಪ್ರಶ್ನೆಯನ್ನೇ ಮುಂದಿಟ್ಟಿದೆ. ಕೊರಿಯದ ಕಿಮ್ ಹೊದೋಂಗ್ 2009ರ ಲೇಖನವೊಂದರಲ್ಲಿ, ಖಾನರು ಕಾದಾಡುತ್ತಿದ್ದಾಗಲೂ ತಾವೆಲ್ಲರೂ ಒಂದೇ ರಾಜ್ಯದವರೆಂಬ ಭಾವನೆಯು ಅಳಿಯಲಿಲ್ಲವೆಂದು ವಾದಿಸಿದರು. ಈ ವಾದಕ್ಕೆ ಬಲವಾದ ಆಧಾರವೊಂದು ಪ್ಯಾರಿಸಿನ ದಫ್ತರಖಾನೆಯಲ್ಲಿದೆ. ಮಂಗೋಲ್ ಖಾನರು ತಮ್ಮತಮ್ಮಲ್ಲಿ ಮಾಡಿಕೊಂಡ 1304ರ ಸಂಧಿಯ ಮರುವರ್ಷ ಇಲ್‌ಖಾನ ಓಲ್ಜೈತುವು ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ಪನಿಗೆ ಉಯ್ಘುರ್ ಲಿಪಿಯಲ್ಲಿ ಬರೆಯಿಸಿದ ಮಂಗೋಲ್ ಪತ್ರವು, ಚೆಂಗೀಸನ ಸಂತತಿಯವರ ನಡುವೆ ನಲವತ್ತೈದು ವರ್ಷಗಳಿಂದ ನಡೆದ ವೈಮನಸ್ಯವು ಶಮನಗೊಂಡು, ಅಂಚೆಯ ದಾರಿಗಳು ಮತ್ತೆ ಕೂಡಿಕೊಂಡುವೆಂದು ಸಾರುತ್ತದೆ. 1305ರಿಂದ ಹಿಂದಕ್ಕೆ ಎಣಿಸಿದರೆ ಸಿಕ್ಕುವುದು 1260, ಕುಬ್ಲೈ ಮತ್ತು ಅರಿಕ್ ಬೋಕೆ ಇಬ್ಬರೂ ಖಾನರೆಂದು ಘೋಷಿಸಿಕೊಂಡ ವರ್ಷ. ನಾವು ಮೂರು ಯುದ್ಧಗಳೆಂದು ಮೂರು ಅಧ್ಯಾಯಗಳಲ್ಲಿ ಬರೆಯುವುದನ್ನು ಓಲ್ಜೈತುವಿನ ಆಸ್ಥಾನವು ಒಂದೇ ಕಲಹವೆಂದು ಎಣಿಸಿತ್ತು. ಆದರೆ ಆ ಪತ್ರವು ಹೊರಟ ಕಾಲಕ್ಕಾಗಲೇ ಚಾಪಾರನಿಗೂ ದುವಾನಿಗೂ ಬಿರುಕು ಬಿಟ್ಟಿತ್ತು. ಸೋತ ಚಾಪಾರನು 1310ರಲ್ಲಿ ಚೀನದ ಯುವಾನ್ ಸಾಮ್ರಾಟನಿಗೆ ಶರಣಾದಾಗ, ಒಗೆದೈ ವಂಶದ ರಾಜ್ಯವು ಮಧ್ಯ ಏಷ್ಯದಿಂದ ಅಳಿಸಿಹೋಯಿತು.