ಶೇರ್‌ಘಾಟಿ ಉಲ್ಕಾಶಿಲೆ

ಬಿಹಾರದ ಗಯಾ ಜಿಲ್ಲೆಯ ಶೇರ್‌ಘಾಟಿಯಲ್ಲಿ 1865ರ ಆಗಸ್ಟ್ 25ರ ಬೆಳಿಗ್ಗೆ ಬಿದ್ದ, ಸುಮಾರು 5 ಕಿಲೋಗ್ರಾಂ ತೂಕದ ಶಿಲಾ ಉಲ್ಕೆ. ಇದರ ಮುಖ್ಯ ತುಂಡು ಕೋಲ್ಕತ್ತದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸಂಗ್ರಹದಲ್ಲಿದೆ. ಕಲ್ಲು ಆಕಾಶದಿಂದ ಬಂತು ಎಂಬುದರಲ್ಲಿ ತಕರಾರಿರಲಿಲ್ಲ. ಎಲ್ಲಿಂದ ಹೊರಟಿತು ಎಂದು ತಿಳಿಯಲು ಮಾತ್ರ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಇದು ಮಂಗಳ ಗ್ರಹದ ಕಲ್ಲು ಎಂಬುದು ಇಂದಿನ ತೀರ್ಮಾನ. ಮಂಗಳದ ನೆಲದಿಂದ ಮನುಷ್ಯ ಇನ್ನೂ ಒಂದು ಚೂರನ್ನೂ ತಂದಿಲ್ಲ. ಹಾಗಿದ್ದೂ ಈ ತೀರ್ಮಾನ ಗಟ್ಟಿಯಾಗಿದೆ. ಏಕೆಂದರೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಪರೀಕ್ಷೆಗಳು ಇದೇ ಉತ್ತರದತ್ತ ಬಂದು ಸೇರುತ್ತವೆ.

ಶಿಲಾ ಉಲ್ಕೆಗಳಲ್ಲಿ ಬಹುಪಾಲು ಕಾಂಡ್ರೈಟ್‌ಗಳು. ಸೌರಮಂಡಲ ರೂಪುಗೊಳ್ಳುವಾಗ ಹೆಪ್ಪುಗಟ್ಟಿದ ಸಣ್ಣ ಗುಂಡು ಕಣಗಳು ಅವುಗಳಲ್ಲಿ ಉಳಿದಿರುತ್ತವೆ. ಶೇರ್‌ಘಾಟಿಯಲ್ಲಿ ಅಂಥ ಕಣಗಳಿಲ್ಲ. ಇದು ಶಿಲಾರಸ ತಣಿದು ಆದ ಅಕಾಂಡ್ರೈಟ್. 1872ರಲ್ಲಿ ಇದನ್ನು ವಿವರಿಸಿದ ಆಸ್ಟ್ರಿಯದ ಖನಿಜವಿಜ್ಞಾನಿ ಗುಸ್ತಾವ್ ಚೆರ್ಮಾಕ್ ಒಂದು ವಿಚಿತ್ರವನ್ನು ಗುರುತಿಸಿದರು. ಕಲ್ಲಿನ ತೆಳು ಹಾಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ನೀಳವಾದ ಪೈರಾಕ್ಸೀನ್ ಹರಳುಗಳ ನಡುವೆ ಫೆಲ್ಡ್‌ಸ್ಪಾರ್ ಹರಳಿನದೇ ಅಂಚುಗಳುಳ್ಳ ತುಣುಕುಗಳು ಕಾಣುತ್ತವೆ. ಅಡ್ಡಲಾಗಿ ಇಟ್ಟ ಎರಡು ಧ್ರುವೀಕಾರಕಗಳ ನಡುವೆ ಅವನ್ನು ಎತ್ತ ತಿರುಗಿಸಿದರೂ ಕಪ್ಪಾಗಿಯೇ ಇರುತ್ತವೆ. ಅಂದರೆ ಆಕಾರ ಹರಳಿನದು, ಒಳಗಿರುವುದು ಗಾಜು. ಇದಕ್ಕೆ ಅವರು ಮ್ಯಾಸ್ಕೆಲಿನೈಟ್ ಎಂದು ಹೆಸರಿಟ್ಟರು. ಮಾಮೂಲಿ ಜ್ವಾಲಾಮುಖಿಯ ಬಿಸಿಯಿಂದ ಇಂಥದ್ದು ಆಗದು. ಭಾರಿ ಅಪ್ಪಳಿಕೆಯ ಒತ್ತಡ ಬೇಕು. ಈ ಕಲ್ಲಿನಿಂದಲೇ ಶೆರ್ಗೊಟೈಟ್ ಎಂಬ ವರ್ಗ ಹುಟ್ಟಿತು.

ಕ್ಷುದ್ರಗ್ರಹಗಳು ಚಿಕ್ಕವು, 400 ಕೋಟಿ ವರ್ಷಗಳಿಗೂ ಹಿಂದೆಯೇ ತಣಿದವು. ಶೇರ್‌ಘಾಟಿಯ ಖನಿಜಗಳಾದರೋ ಸುಮಾರು 17 ಕೋಟಿ ವರ್ಷಗಳ ವಯಸ್ಸನ್ನು ತೋರಿಸುತ್ತವೆ. ಅಷ್ಟು ಈಚಿನವರೆಗೆ ಒಡಲಲ್ಲಿ ಬಿಸಿ ಉಳಿಸಿಕೊಳ್ಳಲು ದೊಡ್ಡ ಗ್ರಹವೇ ಬೇಕು. ಅಪ್ಪಳಿಕೆಯೇ ಕಾಲದ ಲೆಕ್ಕವನ್ನು ಅಳಿಸಿ ಹೊಸದಾಗಿ ಬರೆದಿರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಈಜಿಪ್ಟಿನಲ್ಲಿ 1911ರಲ್ಲಿ ಬಿದ್ದ ನಖ್ಲಾ ಇದರ ಸಂಬಂಧಿ. ಅದಕ್ಕೆ ತಗುಲಿದ ಪೆಟ್ಟು ಹೆಚ್ಚೇನಲ್ಲ, ಆದರೂ ವಯಸ್ಸು 130 ಕೋಟಿ ವರ್ಷ ಮಾತ್ರ. ಅದರ ಎಳೆತನಕ್ಕೆ ಅಪ್ಪಳಿಕೆಯನ್ನು ಕಾರಣ ಮಾಡಲಾಗದು.

ನಿರ್ಣಾಯಕ ಸಾಕ್ಷ್ಯ ಸಿಕ್ಕಿದ್ದು ಇನ್ನೊಂದು ಶೆರ್ಗೊಟೈಟ್‌ನಲ್ಲಿ. ಅಂಟಾರ್ಕ್ಟಿಕದಲ್ಲಿ ದೊರೆತ ಇಇಟಿಎ 79001ರ ಗಾಜಿನಲ್ಲಿ ಅನಿಲ ಸಿಕ್ಕಿಬಿದ್ದಿತ್ತು. 1983ರಲ್ಲಿ ಡೊನಾಲ್ಡ್ ಬೊಗಾರ್ಡ್ ಮತ್ತು ಪ್ರ್ಯಾಟ್ ಜಾನ್ಸನ್ ಪ್ರಕಟಿಸಿದ ಅಳತೆಗಳು, ವೈಕಿಂಗ್ ನೌಕೆಗಳು 1976ರಲ್ಲಿ ಮಂಗಳದ ವಾಯುಮಂಡಲದಲ್ಲಿ ಕಂಡದ್ದಕ್ಕೆ ಹೊಂದಿದವು. ಅನಿಲವಿದ್ದದ್ದು ಬೇರೆ ಕಲ್ಲಿನಲ್ಲಿ, ಶೇರ್‌ಘಾಟಿಗೆ ಅದು ಹೇಗೆ ಅನ್ವಯ ಎಂದು ಕೇಳಬಹುದು. ಆಮ್ಲಜನಕದ ಮೂರು ಸಮಸ್ಥಾನಿಗಳ ಅನುಪಾತ ಇವೆರಡನ್ನೂ ನಖ್ಲಾವನ್ನೂ ಒಂದೇ ಗೆರೆಯ ಮೇಲೆ ತರುತ್ತದೆ. ಭೂಮಿ ಮತ್ತು ಚಂದ್ರನ ಗೆರೆ ಅದರಿಂದ ಬೇರೆ. 2013ರಲ್ಲಿ ಕ್ಯೂರಿಯಾಸಿಟಿ ರೋವರ್ ಮಂಗಳದ ಗಾಳಿಯಲ್ಲಿ ಆರ್ಗಾನ್ 36 ಮತ್ತು 38ರ ಅನುಪಾತ 4.2 ಎಂದು ಅಳೆಯಿತು. ಭೂಮಿಯಲ್ಲಿ ಅದು 5.3. ಉಲ್ಕೆಗಳಿಂದ ಮೊದಲೇ ಊಹಿಸಿದ್ದ ಕಡಿಮೆ ಅನುಪಾತ ಹೀಗೆ ನೇರ ಅಳತೆಯಲ್ಲೇ ಸಿಕ್ಕಿತು.

ಕಲ್ಲು ಕರಗದೆ ಸೆಕೆಂಡಿಗೆ 5 ಕಿಲೋಮೀಟರ್ ವೇಗದಲ್ಲಿ ಮಂಗಳದಿಂದ ಚಿಮ್ಮಬಲ್ಲದೇ ಎಂಬ ಭೌತವಿಜ್ಞಾನದ ಸಂದೇಹ ಬಹುಕಾಲ ಅಡ್ಡವಾಗಿತ್ತು. 1982ರಲ್ಲಿ ಅಂಟಾರ್ಕ್ಟಿಕದ ಅಲನ್ ಹಿಲ್ಸ್ ಬಳಿ ಸಿಕ್ಕ ಸಣ್ಣ ಕಲ್ಲು ಅಪೊಲೊ ತಂದ ಚಂದ್ರಶಿಲೆಗಳನ್ನೇ ಹೋಲಿತು. ಅಪ್ಪಳಿಕೆ ಕಲ್ಲನ್ನು ಕರಗಿಸದೆ ಬೇರೊಂದು ಲೋಕದಿಂದ ಹೊರಗೆಸೆಯಬಲ್ಲದು ಎಂಬುದಕ್ಕೆ ಉದಾಹರಣೆ ಕೈಗೆ ಸಿಕ್ಕಿತು. ಉಳಿದಿರುವ ವಾದ ವಯಸ್ಸಿನದು. ಸೀಸದ ಸಮಸ್ಥಾನಿಗಳನ್ನು ಆಧರಿಸಿ ಶೆರ್ಗೊಟೈಟ್‌ಗಳು 400 ಕೋಟಿ ವರ್ಷ ಹಳೆಯವು ಎಂದವರಿದ್ದಾರೆ. ಆದರೆ ಬೇರೆ ಬೇರೆ ವಿಕಿರಣಶೀಲ ಗಡಿಯಾರಗಳು ಎಳೆಯ ವಯಸ್ಸನ್ನೇ ಹೇಳುತ್ತವೆ. ವಾಯವ್ಯ ಆಫ್ರಿಕದ ಒಂದು ಶೆರ್ಗೊಟೈಟ್‌ನ ಬ್ಯಾಡೆಲಿಯೈಟ್ ಎಂಬ ಖನಿಜದ ಹರಳುಗಳ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಬೆಂಬಲಿಸಿತು.